ಮೋನಬ್ಬ ಕಲಿತ ಅರಬಿ ಎಣಿಕೆ

ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟ. ವಿಧವೆ ಆಸ್ಯಮ್ಮನ ಮಗ ಮೋನಬ್ಬನಿಗೆ ಕೊಟ್ಟದ್ದು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಬುದ್ಧಿ. ಮೀಸೆ ಬಂದು ಹತ್ತು ವರ್ಷವಾದರೂ ಮದರಸದಲ್ಲಿ ಮಕ್ಕಳ ಹಿಂದೆ ಕೂತು ಅರಬಿ ಎಣಿಕೆ ಕಲಿಯುತ್ತಿದ್ದ. ತಂಗಿ ಝೊಹರಾಳಿಗೆ ಬಂದ ಎರಡು ಸಂಬಂಧ ಇವನಿಂದಲೇ ಮುರಿದಿದ್ದವು. ಈಗಿನದೂ ತಪ್ಪಿದರೆ ಇನ್ನು ಯಾರೂ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲವೆಂದು ಆಸ್ಯಮ್ಮನಿಗೆ ಹೆದರಿಕೆ.

ಝೊಹರಾಳ ನಿಕಾಹ್ ದಿನ ಬೆಳಿಗ್ಗೆ, "ಮೋನೇ, ಎರಡು ತೆಂಗಿನಕಾಯಿ ತಾ" ಅಂದಳು.

ಮದರಸದ ಉಸ್ತಾದರು ಕಲಿಸಿದ್ದರು: ಅರಬಿಯಲ್ಲಿ ಎರಡಕ್ಕೆ ಸಂಖ್ಯೆ ಬೇಡ, ಹೆಸರಿಗೊಂದು ಬಾಲ ಸೇರಿಸಿದರೆ ಸಾಕು. ಮೋನಬ್ಬ ಒಂದೇ ಕಾಯಿ ತಂದ. ಅದಕ್ಕೆ ಹಗ್ಗದ ಬಾಲ ಕಟ್ಟಿ ತಂದ.

"ಅಯ್ಯೋ ಪೆದ್ದಾ! ಉಸ್ತಾದರ ಪಾಠ ಇರುವುದು ಮನುಷ್ಯರಿಗೆ, ಕಾಯಿಗಲ್ಲ!"

"ಆಗಲಿ ಉಮ್ಮಾ, ಮನುಷ್ಯರಿಗೆ!"

ಗಂಡಿನ ಕಡೆಯವರು ಮೊದಲ ಜೀಪಿನಲ್ಲಿ ಬಂದರು. ಐವರು ಗಂಡಸರು, ನಾಲ್ವರು ಹೆಂಗಸರು. ಉಸ್ತಾದರ ಪಾಠದಲ್ಲಿ ಮೂರರಿಂದ ಹತ್ತರವರೆಗೆ ಗಂಡಿಗೆ ಹೆಣ್ಣಿನ ಎಣಿಕೆ, ಹೆಣ್ಣಿಗೆ ಗಂಡಿನ ಎಣಿಕೆ. ಮೋನಬ್ಬ ಗಂಡಸರನ್ನು ಒಳಕೋಣೆಗೆ ನುಗ್ಗಿಸಿದ, ಹೆಂಗಸರನ್ನು ಚಪ್ಪರದಲ್ಲಿ ಕೂರಿಸಿದ. ಒಳಗಿದ್ದ ಹೆಂಗಸರು ಚೀರಿದರು!

"ಇದೇನು ಮನೆಯೋ, ಹುಚ್ಚರ ಸಂತೆಯೋ!" ಮದುಮಗನ ಸೋದರಮಾವ ಅದ್ರಾಮಾಕ ಕೆಂಡವಾದರು.

ಉಸ್ತಾದರು ಓಡಿ ಬಂದು ಮೋನಬ್ಬನ ಕಿವಿ ಹಿಂಡಿದರು. "ಅದು ಹತ್ತರವರೆಗೆ ಮಾತ್ರ ಕಣೋ! ಹತ್ತು ದಾಟಿದರೆ, ಎಷ್ಟೇ ಜನ ಇರಲಿ, ಒಬ್ಬನೇ ಇದ್ದ ಹಾಗೆ ಒಂದೇ ಅನ್ನಬೇಕು!"

"ಆಗಲಿ ಉಸ್ತಾದ್, ಒಂದೇ!"

ಅಷ್ಟರಲ್ಲಿ ಉಳಿದ ಹನ್ನೊಂದು ಜನರನ್ನು ಹೊತ್ತು ಮದುಮಗನ ಜೀಪೂ ಬಂತು. ಮದುಮಗ ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ. ಅದ್ರಾಮಾಕ ಪೇಟ ಕೊಡವಿ ಎದ್ದೇಬಿಟ್ಟರು. "ಏಳಿ ಎಲ್ಲ! ಇಪ್ಪತ್ತು ಜನ ಬಂದಿದ್ದೇವೆ, ಇಪ್ಪತ್ತೂ ಹಿಂದೆ ಹೋಗೋಣ!"

ಆಸ್ಯಮ್ಮ ಅಂಗಳಕ್ಕೆ ಓಡಿ ಬಂದಳು. "ಮೋನೇ, ತಡೆಯೋ! ಆ ಇಪ್ಪತ್ತು ಜನರನ್ನೂ ಹೋಗಲು ಬಿಡಬೇಡ!"

ಇಪ್ಪತ್ತೆಂದರೆ ಒಂದೇ! ಮೋನಬ್ಬ ಹಿತ್ತಿಲಿಗೆ ಓಡಿದ. ಅಕ್ಕಿ ಕೋಣೆಯ ಬಾಗಿಲು ಧಡ್ ಎಂದಿತು, ಹೊರಗಿನಿಂದ ಚಿಲಕ ಬಿತ್ತು. ಜೀಪಿನ ತನಕ ಹೋದವರು ತಲೆ ಎಣಿಸಿದರು. ಮದುಮಗನೇ ಇಲ್ಲ! ಎಲ್ಲರೂ ತಿರುಗಿ ಬಂದು ಅಂಗಳದಲ್ಲಿ ನಿಂತರು.

"ನಮ್ಮ ಹುಡುಗ ಎಲ್ಲಿ?"

ಅಕ್ಕಿ ಕೋಣೆಯೊಳಗಿಂದ ದನಿ ಬಂತು. "ಮಾವಾ, ನಾನಿಲ್ಲಿ! ನೀವು ಚಪ್ಪರದಲ್ಲಿ ಕೂತರೆ ಮಾತ್ರ ಹೊರಗೆ ಬರುತ್ತೇನೆ. ನಿಕಾಹ್ ಆಗದೆ ನಾನು ಊರಿಗೆ ಬರಲಾರೆ!"

ಅದ್ರಾಮಾಕ ತುಟಿ ಕಚ್ಚಿ ಹೋಗಿ ಚಾಪೆಯ ಮೇಲೆ ಕೂತರು.

ಆಸ್ಯಮ್ಮ ಉಸಿರುಬಿಟ್ಟಳು. "ಬಾಗಿಲು ತೆಗೆಯೋ, ಬೇಗ!"

ಮೋನಬ್ಬ ಬಾಗಿಲಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿದ.

"ದೂರ ಸರಿಯಿರಿ ಉಮ್ಮಾ! ಇಪ್ಪತ್ತು ಜನ ಒಟ್ಟಿಗೇ ನುಗ್ಗಿ ಬರುತ್ತಾರೆ!"