ಸಾಹೇಬರ ಹೆಸರು ಕಾಣದ ಪರದೆ

ನನ್ನಂಥ ಗುಮಾಸ್ತ ಈ ಜಿಲ್ಲೆಯಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿದೆ.

ಇಡೀ ಕಾಗದ ಒಂದೇ ನೋಟಕ್ಕೆ ಕಾಣುವ ನನ್ನ ಹಳೇ ಚೌಕ ಪರದೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಲು ಹೊಸ ಸಾಹೇಬರು ಆಜ್ಞಾಪಿಸಿದರು. "ಇದು ನೋಡ್ರಿ, ಹೊಸ ಲ್ಯಾಪ್‌ಟಾಪು, ಅಗಲ ಪರದೆ! ಹಿಂದಕ್ಕೆ ಪೂರ್ತಿ ಮಡಚುತ್ತೆ!"

ವಿನಯದಿಂದ ಅದರಲ್ಲಿ ಅವರದೇ ಆದೇಶ ತೆರೆದೆ. "ಭೇಷಾಗಿದೆ ಸಾರ್. ಅರ್ಧ ಪುಟ ಮಾತ್ರ ಕಾಣುತ್ತೆ. ಕೊನೆಯಲ್ಲಿರೋ ತಮ್ಮ ಹೆಸರು, ಪದವಿ ಕಾಣ್ತಿಲ್ಲ."

ಸಾಹೇಬರ ಮುಖ ಕಪ್ಪಿಟ್ಟಿತು. "ಉದ್ದಕ್ಕೆ ನಿಲ್ಲಿಸ್ರಿ!"

ಹಿಂದಕ್ಕೆ ಮಡಚಿ, ಅಡ್ಡ ಪರದೆಯನ್ನು ಉದ್ದಕ್ಕೆ ನಿಲ್ಲಿಸಿದೆ. ಹೆಸರು ಕಂಡಿತು, ಕೀಲಿಮಣೆ ಪರದೆಯ ಬೆನ್ನ ಹಿಂದೆ ಹೋಯಿತು.

"ಮತ್ತೆ ಟೈಪ್ ಮಾಡೋದು ಹೇಗ್ರೀ?"

"ಅದಕ್ಕೆ ಹಳೇದಿದೆಯಲ್ಲ ಸಾರ್."

ಈಗಲೂ ನಾನು ಚೌಕದಲ್ಲೇ ಟೈಪ್ ಮಾಡುತ್ತೇನೆ. ಹೊಸದು ಸಾಹೇಬರ ಮೇಜಿನ ಮೇಲೆ, ಬಂದವರಿಗೆಲ್ಲ ಅವರ ಹೆಸರು ತೋರಿಸುತ್ತಾ ನೆಟ್ಟಗೆ ನಿಂತಿದೆ.