ಕುದಿಸಿದ ಮಜ್ಜಿಗೆ

“ಗುರುಗಳೇ, ನಿಷ್ಠೆಯಲ್ಲಿ ಎಳ್ಳಷ್ಟೂ ಕೊರತೆ ಮಾಡದವರಿಗೂ ಭಗವಂತ ಏಕೆ ಒಲಿಯುವುದಿಲ್ಲ?” ಎಂದು ಶಿಷ್ಯ ಕೇಳಿದ. ಗುರುಗಳು ಹಿಡಿದ ಜಪ ಮುಗಿಸಿ, ಮಣಿಸರವನ್ನು ಕಣ್ಣಿಗೊತ್ತಿಕೊಂಡು ಹೇಳತೊಡಗಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ದೈವಭಕ್ತ. ಬಹಳ ಭಾರದ ದೇಹ, ಅದರ ಮೇಲೆ ಉಬ್ಬಸ. “ಶೆಟ್ಟರ ಉಸಿರು ಮುಂದೆ ಬರುತ್ತೆ, ಶೆಟ್ಟರು ಆಮೇಲೆ ಬರ್ತಾರೆ” ಎಂದು ಪೇಟೆಯವರು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಮಲಗಲಾಗದೆ ಗೋಡೆಗೆ ಒರಗಿಯೇ ಬೆಳಗು ಮಾಡುತ್ತಾನೆಂಬುದು ಹೆಂಡತಿಗೆ ಮಾತ್ರ ಗೊತ್ತಿತ್ತು.

ಔಷಧ ಕೊಡುತ್ತಿದ್ದ ವೈದ್ಯ ಒಂದು ದಿನ ಹೇಳಿದ: ಇಂಥ ದೇಹದಲ್ಲಿ ಉಬ್ಬಸ ಎದೆಯೊಂದರದ್ದೇ ಅಲ್ಲ, ಹೊಟ್ಟೆಗೂ ಅದರಲ್ಲಿ ಪಾಲಿದೆ. ಹುಳಿ ಮಜ್ಜಿಗೆಯಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಅವು ಹೊಟ್ಟೆಯಲ್ಲಿ ನೆಲೆಸಿದರೆ ಉಸಿರು ಸ್ವಲ್ಪ ಸಡಿಲವಾಗಬಹುದು, ಆಗದೆಯೂ ಇರಬಹುದು. ಔಷಧ ಮಾತ್ರ ಬಿಡಬಾರದು. ಊರಾಚೆಯ ಕೇರಿಯಲ್ಲಿ ಒಬ್ಬ ಮುದುಕಿಯ ಮನೆಯ ಹೆಪ್ಪು ಅವಳ ಅತ್ತೆಯ ಕಾಲದಿಂದ ಕೆಟ್ಟಿಲ್ಲ, ಅಲ್ಲಿಂದ ಮಜ್ಜಿಗೆ ತರಿಸಿ.

ಕೇರಿಯ ಹೆಸರು ಕೇಳಿ ಹೆಂಡತಿಗೆ ಕಸಿವಿಸಿಯಾಯಿತು. ಆದರೂ ಗಂಡನ ಪ್ರಾಣ ದೊಡ್ಡದು. ಮುದುಕಿ ದಿನವೂ ಹಿತ್ತಲ ಬಾಗಿಲಿಗೆ ಮಜ್ಜಿಗೆ ತಂದು, ಹೊಸ್ತಿಲಾಚೆಯೇ ನಿಂತು, ಮೇಲಿಂದ ಚೊಂಬಿಗೆ ಸುರಿದು ಹೋಗುತ್ತಿದ್ದಳು. ಕೊಟ್ಟಿದ್ದಕ್ಕೆ ಏನನ್ನೂ ತೆಗೆದುಕೊಳ್ಳಲಿಲ್ಲ. ಹೆಂಡತಿ ಅದನ್ನು ಒಲೆಯ ಮೇಲಿಟ್ಟು, ತುಳಸಿ ಹಾಕಿ, ಚೆನ್ನಾಗಿ ಕುದಿಸುತ್ತಿದ್ದಳು. ಬೆಂಕಿ ಮುಟ್ಟಿದರೆ ಮೈಲಿಗೆ ಹೋಯಿತು. ಆರಿಸಿ, ದೇವರ ಮುಂದಿಟ್ಟು, ಗಂಡನಿಗೆ ಕೊಡುತ್ತಿದ್ದಳು. ಅವನು ನಾರಾಯಣ ಎಂದು ಕಣ್ಣು ಮುಚ್ಚಿ ಕುಡಿಯುತ್ತಿದ್ದ.

ಚಳಿಗಾಲ ಬಂತು. ಒಂದು ಬೆಳಗ್ಗೆ ಗೋಡೆಗೆ ಒರಗಿದ್ದವನು ಏಳಲಿಲ್ಲ.

ಮಾತನಾಡಿಸಲು ಬಂದ ವೈದ್ಯನ ಮುಂದೆ ಹೆಂಡತಿ ಅತ್ತಳು. “ಒಂದು ದಿನಾನೂ ತಪ್ಪಿಸಲಿಲ್ಲ ಪಂಡಿತರೇ. ಮಡಿಯುಟ್ಟು, ನಾನೇ ಕೈಯಾರೆ ಕುದಿಸಿ ಕೊಟ್ಟೆ.”

ವೈದ್ಯ ತಲೆಯೆತ್ತಿ ಕೇಳಿದ: “ಕುದಿಸಿದಿರಾ ತಾಯಿ? ಹಾಗಾದರೆ ಅವರು ಕುಡಿದಿದ್ದು ಬರೀ ಹುಳಿನೀರು.”

“ಕುದಿಸದೆ ಕೊಟ್ಟಿದ್ದರೆ ಉಳೀತಿದ್ದರಾ?”

“ಗೊತ್ತಿಲ್ಲ ತಾಯಿ. ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. ಎಂಥ ಅಜ್ಞಾನಿ ಹೆಂಗಸು, ಕೈಗೆ ಬಂದ ದೇವರ ಕರುಣೆಯನ್ನೇ ಒಲೆಗೆ ಹಾಕಿದಳಲ್ಲ ಎಂದು ನೊಂದುಕೊಂಡ.

ಗುರುಗಳು ಮೆಲ್ಲಗೆ ಕೇಳಿದರು: “ಮಗು, ನಿನ್ನೆ ಭಿಕ್ಷೆಗೆ ಹೋದವನು ಯಾವ ಕೇರಿಗೆ ಕಾಲಿಡದೆ ಬಂದೆ?”