ಸಸಿಗಳಿಗೆ ಶಾಮಿಯಾನ

ಜೂನ್ ಹುಟ್ಟಿದರೆ ಮಳೆ ಅನ್ನುವುದು ಅಜ್ಜನ ಕಾಲದ ಮಾತಾಯಿತು. ಈಗೀಗ ಜುಲೈ ಕಳೆದರೂ ಒಂದು ಹನಿ ಬೀಳುವುದಿಲ್ಲ. ಆದರೂ ರೇಂಜರ್ ಸಾಹೇಬರು ಗುಡ್ಡದಲ್ಲಿ ಸಸಿ ನೆಡಿಸುವುದು ಜೂನ್ ಮೊದಲ ವಾರವೇ. ಹೋದ ವರ್ಷ ನೆಟ್ಟಿದ್ದೆಲ್ಲ ಬಿಸಿಲಿಗೆ ಸುಟ್ಟುಹೋಯಿತು. ಬೈಸಿಕೊಂಡವಳು ಮಾತ್ರ ನರ್ಸರಿಯ ಪುಟ್ಟಮಾದಮ್ಮ.

"ಮಳೆ ಬೀಳ್ಲಿ ಬುದ್ಧಿ, ಆಮೇಲೆ ನೆಡವ," ಅಂದಳು ಈ ಸಲ.

"ಜೂನ್ ಅಂದ್ರೆ ಮಳೆಗಾಲ! ನಂಗೇ ಪಾಠ ಹೇಳ್ತೀಯಾ? ಹೋಗಿ ಸಸಿ ನೆಡೋ ಸಮಾರಂಭಕ್ಕೆ ಶಾಮಿಯಾನ ಹಾಕಿಸು!"

ಮಕ್ಕಳ ಹಾಗೆ ಸಾಕಿದ ಸಸಿಗಳನ್ನು ಮತ್ತೆ ಸುಡಲು ಕೊಡುವುದೇ? ಪುಟ್ಟಮಾದಮ್ಮನ ಮೈಯೆಲ್ಲ ಉರಿಯಿತು. ಆದರೂ ಹೋಗಿ ಶಾಮಿಯಾನ ಹಾಕಿಸಿದಳು.

ಸಮಾರಂಭದ ದಿನ ಸಾಹೇಬರು ಜೀಪಿಳಿದು ನೋಡುತ್ತಾರೆ, ಶಾಮಿಯಾನದ ನೆರಳಲ್ಲಿ ಸಸಿಗಳು ತಣ್ಣಗೆ ಕೂತಿವೆ. ದೊಡ್ಡವರ ಕುರ್ಚಿಗಳೆಲ್ಲ ಉರಿಬಿಸಿಲಲ್ಲಿ! ಕೂತವರು ಕುರ್ಚಿ ಸುಟ್ಟು ಎಗರಿ ನಿಂತರು.

"ಏನೇ ಇದು? ಈ ಬಿಸಿಲಲ್ಲಿ ಅರ್ಧ ಗಂಟೆ ಕೂತ್ರೆ ಜೀವ ಉಳಿಯುತ್ತಾ?" ಸಾಹೇಬರು ಗುಡುಗಿದರು.

"ಮಳೆಗಾಲ ಅಂದ್ರಲ್ಲ ಬುದ್ಧಿ, ತಮಗ್ಯಾಕೆ ನೆರಳು ಅಂದ್ಕಂಡೆ. ತಾವು ಅರ್ಧ ಗಂಟೆ ಕೂರಕ್ಕಾಗದ ಜಾಗದಲ್ಲಿ ಈ ಕೂಸುಗಳು ಮಳೆ ಬರೋಗಂಟ ನಿಂತಿರ್ಬೇಕಾ?"

ಊರವರು ಗೊಳ್ಳೆಂದು ನಕ್ಕರು. ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಓಡಿಹೋಗಿ ಶಾಮಿಯಾನದೊಳಗೆ ನುಗ್ಗಿದರು.

"ಆಯ್ತು ಮಾರಾಯ್ತಿ, ಮಳೆ ಬಂದ್ಮೇಲೇ ನೆಡು!"

"ಆಗ್ಲಿ ಬುದ್ಧಿ. ಒಸಿ ಅತ್ಲಾಗಿ ಸರ್ಕಳಿ, ಸಸಿ ತುಳೀತಾ ಇದ್ದೀರಿ."